ದೊಡ್ಡ ದೇಶದೆದುರು ಮಂಗಳೂರಿನ ಇಬ್ಬರ ಮಾತು

2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕುಗಳ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿತು. ಸಿಗಡಿ, ಗೇರುಬೀಜದ ರಫ್ತಿನ ನಂಟಿರುವ ನಮ್ಮ ಕರಾವಳಿಯಲ್ಲಿ ವ್ಯಾಪಾರದ ಚಿಂತೆಯ ಜೊತೆಗೆ ಇನ್ನೊಂದು ಮಾತೂ ಕೇಳಿಬಂತು: ನಮ್ಮವರು ಯಾಕೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡುತ್ತಿಲ್ಲ? ಆ ತಿಂಗಳ 7ರಂದು ದೆಹಲಿಯಲ್ಲಿ ಎಂ.ಎಸ್. ಸ್ವಾಮಿನಾಥನ್ ಜನ್ಮಶತಮಾನೋತ್ಸವದ ಸಮ್ಮೇಳನದಲ್ಲಿ ಪ್ರಧಾನಿ ನರೇಂದ್ರ ಮೋದಿ ಮಾತನಾಡಿದರು. ರೈತರು, ಹೈನುಗಾರರು, ಮೀನುಗಾರರ ಹಿತದಲ್ಲಿ ರಾಜಿಯಿಲ್ಲ, ಇದಕ್ಕಾಗಿ ತಾನೇ ದೊಡ್ಡ ಬೆಲೆ ತೆರಬೇಕಾಗುತ್ತದೆಂದು ಗೊತ್ತು, ತೆರಲು ಸಿದ್ಧ ಎಂದರು. ಅಮೆರಿಕದ ಹೆಸರನ್ನು ಎತ್ತಲಿಲ್ಲ. ಅದಕ್ಕೆ ಕೆಲವೇ ವಾರ ಮೊದಲು ಬ್ರೆಜಿಲಿನ ಅಧ್ಯಕ್ಷ ಲೂಲಾ ವಿದ್ಯಾರ್ಥಿಗಳ ಸಮ್ಮೇಳನವೊಂದರಲ್ಲಿ, ಯಾವ ಗ್ರಿಂಗೋ (ವಿದೇಶಿ) ಕೂಡ ಈ ಅಧ್ಯಕ್ಷನಿಗೆ ಅಪ್ಪಣೆ ಕೊಡಲಾರ ಎಂದು ಗುಡುಗಿದ್ದರು.

ಎರಡೂ ಪ್ರತಿರೋಧದ ಮಾತುಗಳೇ. ಯಾವುದು ಹೆಚ್ಚು ಗಟ್ಟಿ ಎಂದು ಚಪ್ಪಾಳೆಯಿಂದ ಅಳೆಯಲು ಹೊರಟರೆ ದಾರಿ ತಪ್ಪುತ್ತೇವೆ. ಬಲಿಷ್ಠ ರಾಷ್ಟ್ರವನ್ನು ಎದುರಿಸಿ ಮಾತನಾಡುವ ನಾಯಕನ ಮುಂದೆ ಕೇಳುಗರು ಒಂದೇ ಗುಂಪಾಗಿ ಇರುವುದಿಲ್ಲ. ಅವನ ಜನ ಇರುತ್ತಾರೆ. ಎದುರಾಳಿ ಇರುತ್ತಾನೆ. ಯಾವ ಕಡೆಗೆ ವಾಲುವುದೆಂದು ಇನ್ನೂ ನಿರ್ಧರಿಸದ ಮೂರನೆಯ ದೇಶಗಳೂ ಕಿವಿ ತೆರೆದು ಕುಳಿತಿರುತ್ತವೆ. ಒಬ್ಬರನ್ನು ಹುರಿದುಂಬಿಸುವ ಮಾತು ಇನ್ನೊಬ್ಬರನ್ನು ದೂರ ತಳ್ಳಬಹುದು. ಭಾಷಣದ ನಿಜವಾದ ಲೆಕ್ಕ ಇರುವುದು ಇಲ್ಲಿ. ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಮಂಗಳೂರಿನಲ್ಲೇ ಹುಟ್ಟಿದ ಇಬ್ಬರು ತೀರಾ ಬೇರೆಬೇರೆ ರೀತಿಯಲ್ಲಿ ದೊಡ್ಡ ದೇಶಗಳಿಗೆ ಎದುರು ಮಾತನಾಡಿದ್ದಾರೆ. ಒಬ್ಬರು ಎಲ್ಲರಿಗೂ ಗೊತ್ತಿರುವ ಜಾರ್ಜ್ ಫರ್ನಾಂಡಿಸ್. ಇನ್ನೊಬ್ಬರು ಬೆನಗಲ್ ನರಸಿಂಗ ರಾವ್. ರಾಯರನ್ನು ನಮ್ಮ ಊರು ನೆನಪಿಸಿಕೊಂಡದ್ದು ಬಹಳ ಕಡಿಮೆ.

1930ರಲ್ಲಿ ಹುಟ್ಟಿದ ಫರ್ನಾಂಡಿಸ್ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ, ಅಲ್ಲಿಂದ ಹೊರಬಿದ್ದು, 19ನೇ ವಯಸ್ಸಿಗೆ ಮುಂಬೈ ಸೇರಿದವರು. ಕೊಂಕಣಿ, ತುಳು, ಕನ್ನಡದ ಜೊತೆಗೆ ಮರಾಠಿ, ಹಿಂದಿ, ಇಂಗ್ಲಿಷ್ ಎಲ್ಲ ನಾಲಿಗೆಯ ಮೇಲಿದ್ದವು. ಟ್ಯಾಕ್ಸಿ ಚಾಲಕರು, ಹೋಟೆಲ್ ಕಾರ್ಮಿಕರ ಸಭೆಗಳಲ್ಲಿ ಪಳಗಿದ ಮಾತು ಅದು. ಕೇಳಿದವನಿಗೆ ಮನೆ ತಲುಪುವ ಹೊತ್ತಿಗೂ ನೆನಪಿರಬೇಕು. 1977ರಲ್ಲಿ ಜನತಾ ಸರ್ಕಾರದ ಕೈಗಾರಿಕಾ ಸಚಿವರಾದಾಗ ಅವರ ಎದುರಿಗೆ ಬಂದದ್ದು ಕೋಕಾ ಕೋಲಾ. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯಂತೆ ಕಂಪನಿ ತನ್ನ ವಿದೇಶಿ ಪಾಲನ್ನು ಶೇ. 40ಕ್ಕೆ ಇಳಿಸಬೇಕಿತ್ತು, ತಯಾರಿಕೆಯ ತಿಳಿವಳಿಕೆಯನ್ನೂ ಇಲ್ಲಿಗೆ ವರ್ಗಾಯಿಸಬೇಕಿತ್ತು. ಕಂಪನಿ ಒಪ್ಪಲಿಲ್ಲ, ಗಂಟುಮೂಟೆ ಕಟ್ಟಿತು.

ಕಾಯ್ದೆಯ ವಿಚಾರ ಜನರಿಗೆ ಅರ್ಥವಾಗುವಂಥದ್ದಲ್ಲ. ಫರ್ನಾಂಡಿಸ್ ಅದನ್ನು ಒಂದೇ ಚಿತ್ರಕ್ಕೆ ಇಳಿಸಿದರು. ನಮ್ಮ ಬಹುಪಾಲು ಹಳ್ಳಿಗಳಿಗೆ ಶುದ್ಧ ಕುಡಿಯುವ ನೀರು ತಲುಪಿಲ್ಲ, ಕೋಕ್ ಮಾತ್ರ ಎಲ್ಲ ಕಡೆ ತಲುಪಿದೆ ಎಂದರು. ಈ ಮಾತಿನಲ್ಲಿ ಅಮೆರಿಕಕ್ಕೆ ಬೈಗುಳವಿಲ್ಲ, ಸಮಾಜವಾದದ ಪಾಠವೂ ಇಲ್ಲ. ಅಂಗಡಿ ಮುಂದಿನ ಬಾಟಲಿ ಮತ್ತು ಬಾವಿಕಟ್ಟೆಯ ಕೊಡ ಎರಡನ್ನೂ ಕಂಡವನಿಗೆ ಉಳಿದದ್ದು ತಾನಾಗಿ ಹೊಳೆಯುತ್ತದೆ. ಕೋಕ್ ಹೋದ ಮೇಲೆ ಸರ್ಕಾರವೇ ‘77’ ಎಂಬ ಪಾನೀಯ ತಂದಿತು. ಅದರ ಸೂತ್ರ ಸಿದ್ಧವಾದದ್ದು ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಫರ್ನಾಂಡಿಸರ ಮಾತು ನಿಂತಿತು, ಇಂದಿಗೂ ಜನ ಅದನ್ನು ಹೇಳುತ್ತಾರೆ.

ಅದೇ ಮನುಷ್ಯ 1998ರಲ್ಲಿ ರಕ್ಷಣಾ ಸಚಿವರಾಗಿ, ಮೇ ತಿಂಗಳ ಮೊದಲ ವಾರದಲ್ಲಿ, ಭಾರತಕ್ಕೆ ಸಂಭಾವ್ಯ ಅಪಾಯಗಳಲ್ಲಿ ಚೀನಾವೇ ಮೊದಲನೆಯದು ಎಂದುಬಿಟ್ಟರು. ಬೀಜಿಂಗ್ ಕೆರಳಿತು. ಕೆಲವೇ ದಿನಗಳಲ್ಲಿ ಪೋಖರಣ್ ಅಣ್ವಸ್ತ್ರ ಪರೀಕ್ಷೆ ನಡೆಯಿತು. ಪ್ರಧಾನಿ ವಾಜಪೇಯಿ ಕ್ಲಿಂಟನ್ನರಿಗೆ ಬರೆದ ಪತ್ರ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಅಚ್ಚಾಯಿತು. ಅದರಲ್ಲಿಯೂ ಚೀನಾದ ಕಡೆಗೇ ಬೆರಳಿತ್ತು, ಆದರೆ ಹೆಸರು ಹೇಳದೆ, ನಮ್ಮ ಗಡಿಗೆ ತಾಗಿದ ಅಣ್ವಸ್ತ್ರ ರಾಷ್ಟ್ರ ಎಂಬಂಥ ಮಾತಿನಲ್ಲಿ. ಫರ್ನಾಂಡಿಸ್ ಹೇಳಿದ್ದರಲ್ಲಿ ಹುರುಳಿತ್ತೆಂದು 2020ರ ಗಲ್ವಾನ್ ಕಣಿವೆಯ ಘರ್ಷಣೆಯ ನಂತರ ಹಲವರು ನೆನಪಿಸಿಕೊಂಡರು. ನನಗೂ ಅದರಲ್ಲಿ ತಕರಾರಿಲ್ಲ. ಆದರೆ ಕಾರ್ಮಿಕ ನಾಯಕನ ಮಾತಿಗೆ ಅವನೊಬ್ಬನೇ ಜವಾಬ್ದಾರ. ರಕ್ಷಣಾ ಸಚಿವನ ಬಾಯಿಂದ ಬಂದ ಅದೇ ಮಾತನ್ನು ಎದುರಾಳಿ ಸೇನೆಯ ಯೋಜನೆ ಎಂದು ಓದುತ್ತಾನೆ. ಆ ಮಾತಿನ ನಂತರ ಎದುರಿನವರಿಗೆ ಉತ್ತರಿಸಲು ಸಿಟ್ಟಿನ ಹೊರತು ಬೇರೇನೂ ಉಳಿದಿರಲಿಲ್ಲ. 2003ರ ಏಪ್ರಿಲ್‌ನಲ್ಲಿ ಫರ್ನಾಂಡಿಸರೇ ಬೀಜಿಂಗಿಗೆ ಹೋಗಿ ಚೀನಾದ ನಾಯಕರ ಜೊತೆ ಮಾತುಕತೆಗೆ ಕುಳಿತರು. ಐದು ವರ್ಷ ಹಿಡಿಯಿತು.

ಸಭಿಕರನ್ನು ಮಾತ್ರ ನೋಡಿ ಆಡಿದ ಮಾತಿನ ಮಿತಿಗೆ ಇನ್ನೂ ದೊಡ್ಡ ಉದಾಹರಣೆ ವಿ.ಕೆ. ಕೃಷ್ಣ ಮೆನನ್. 1957ರ ಜನವರಿ 23 ಮತ್ತು 24ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭಾರತದ ಪರವಾಗಿ ಕಾಶ್ಮೀರದ ಬಗ್ಗೆ ಹತ್ತಿರ ಹತ್ತಿರ ಎಂಟು ಗಂಟೆ ಮಾತನಾಡಿ, ನಡುವೆ ಕುಸಿದು ಬಿದ್ದು, ಎದ್ದು ಬಂದು ಮುಗಿಸಿದರು. ಭಾರತದಲ್ಲಿ ಮೆನನ್ ವೀರಪುರುಷರಾದರು. ಮಂಡಳಿಯಲ್ಲಿ ಏನಾಯಿತು? 24ರಂದೇ ಭಾರತ ವಿರೋಧಿಸಿದ್ದ ನಿರ್ಣಯ ಹತ್ತು ಮತಗಳಿಂದ ಅಂಗೀಕಾರವಾಯಿತು. ವಿರೋಧವಾಗಿ ಒಂದು ಮತವೂ ಬೀಳಲಿಲ್ಲ. ಸೋವಿಯತ್ ಒಕ್ಕೂಟ ತಟಸ್ಥವಾಗಿತ್ತು. ನಮ್ಮ ಪಾಲಿಗೆ ಒಂದು ಕೈಯನ್ನೂ ಆ ಎಂಟು ಗಂಟೆ ಎತ್ತಿಸಲಿಲ್ಲ.

ಇದಕ್ಕೆ ವಿರುದ್ಧ ತುದಿಯಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸೆರ್ ಇದ್ದಾರೆ. 1956ರ ಜುಲೈ 26ರಂದು ಅಲೆಕ್ಸಾಂಡ್ರಿಯಾದ ಚೌಕದಲ್ಲಿ ಈಜಿಪ್ಟಿನ ಆಡುಮಾತಿನಲ್ಲಿ ಮಾಡಿದ ಭಾಷಣದಲ್ಲಿ ಸೂಯೆಜ್ ಕಾಲುವೆ ತೋಡಿಸಿದ ಫ್ರೆಂಚ್ ಗೃಹಸ್ಥ ಲೆಸೆಪ್ಸ್ ಹೆಸರನ್ನು ಅವರು ಮತ್ತೆ ಮತ್ತೆ ಎತ್ತಿದರು. ರೇಡಿಯೊ ಮುಂದೆ ಕಾದಿದ್ದ ತಂಡಕ್ಕೆ ಆ ಹೆಸರೇ ಸಂಕೇತ. ಭಾಷಣ ಮುಗಿಯುವಷ್ಟರಲ್ಲಿ ಕಾಲುವೆ ಕಂಪನಿಯ ಕಚೇರಿಗಳು ಈಜಿಪ್ಟಿನ ಕೈಗೆ ಬಂದಿದ್ದವು. ಭಾಷಣವೇ ಕಾರ್ಯಾಚರಣೆಯಾದದ್ದು ಚರಿತ್ರೆಯಲ್ಲಿ ವಿರಳ. ಆದರೆ ಅದಕ್ಕೆ ವಶಪಡಿಸಿಕೊಳ್ಳಲು ಒಂದು ಕಾಲುವೆ ಇರಬೇಕು. ಕೈಯಲ್ಲಿ ಅಂಥದ್ದೇನೂ ಇಲ್ಲದ ದೇಶ ಏನು ಮಾಡಬೇಕು?

ಈ ಪ್ರಶ್ನೆಯೇ ನನ್ನನ್ನು ನರಸಿಂಗ ರಾಯರ ಹತ್ತಿರ ತರುತ್ತದೆ. ಅವರು ಚುನಾವಣೆಗೆ ನಿಂತ ರಾಜಕಾರಣಿಯಲ್ಲ. ನೆಹರೂ ಸರ್ಕಾರದ ನಿಲುವಿಗೆ ವಿಶ್ವಸಂಸ್ಥೆಯಲ್ಲಿ ದನಿಯಾದವರು. ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಮಂಗಳೂರಿನ ಸಾರಸ್ವತ ಮನೆತನದಲ್ಲಿ. ತಂದೆ ರಾಘವೇಂದ್ರ ರಾಯರು ವೈದ್ಯರು. ಕೆನರಾ ಹೈಸ್ಕೂಲಿನಲ್ಲಿ ಓದಿ ಇಡೀ ಮದರಾಸು ಪ್ರಾಂತಕ್ಕೆ ಮೊದಲಿಗರಾದರು. ಆಮೇಲೆ ಮದರಾಸು, ಕೇಂಬ್ರಿಡ್ಜ್, ಐಸಿಎಸ್. ತಮ್ಮ ರಾಮ ರಾವ್ ರಿಸರ್ವ್ ಬ್ಯಾಂಕ್ ಗವರ್ನರ್ ಆದರು. ಇನ್ನೊಬ್ಬ ತಮ್ಮ, ಪತ್ರಕರ್ತ ಶಿವರಾವ್, 1952ರ ಚುನಾವಣೆಯಲ್ಲಿ ದಕ್ಷಿಣ ಕನ್ನಡದಿಂದಲೇ ಲೋಕಸಭೆಗೆ ಹೋದರು. ನರಸಿಂಗ ರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿದವರು. ಒಂದು ಪದವನ್ನು ಕಾನೂನಿನೊಳಗೆ ಬಿಟ್ಟರೆ ಮುಂದೆ ಅದು ಏನೆಲ್ಲ ಮಾಡೀತೆಂದು ಹಗಲಿರುಳು ಯೋಚಿಸುವುದೇ ಅವರ ಕಸುಬಾಗಿತ್ತು. ಆ ಕಸುಬನ್ನೇ ಅವರು ನ್ಯೂಯಾರ್ಕಿಗೆ ಒಯ್ದರು.

ಅವರಿಗಿಂತ ಮೊದಲೇ ಅಲ್ಲಿ ವಿಜಯಲಕ್ಷ್ಮಿ ಪಂಡಿತ್ ಒಂದು ದಾರಿ ಹಾಕಿದ್ದರು. 1946ರಲ್ಲಿ, ಭಾರತಕ್ಕೆ ಸ್ವಾತಂತ್ರ್ಯವೇ ಬಂದಿರದ ಹೊತ್ತಿನಲ್ಲಿ, ದಕ್ಷಿಣ ಆಫ್ರಿಕದ ಭಾರತೀಯರ ಮೇಲಿನ ವರ್ಣಭೇದವನ್ನು ಅವರು ಮಹಾಸಭೆಯ ಮುಂದಿಟ್ಟರು. ಎದುರಿಗಿದ್ದವರು ಆ ದೇಶದ ಪ್ರಧಾನಿ ಜನರಲ್ ಸ್ಮಟ್ಸ್. ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆ ಬರೆಯಲು ಕೈಹಾಕಿದವರೂ ಅವರೇ. ಪಂಡಿತ್ ಆ ಸನ್ನದನ್ನೇ ಮುಂದಿಟ್ಟುಕೊಂಡು ವಾದಿಸಿದರು. ಡಿಸೆಂಬರ್ 8ರಂದು ಮೂರನೇ ಎರಡು ಬಹುಮತ ಸಿಕ್ಕಿತು. ಬಲಿಷ್ಠರು ಬರೆದಿಟ್ಟ ಒಳ್ಳೆಯ ಮಾತುಗಳಿಗೆ ಅವರನ್ನೇ ಹೊಣೆ ಮಾಡುವುದು ಬಡ ದೇಶಗಳ ಕೈಗೆ ಸಿಕ್ಕ ಅತ್ಯುತ್ತಮ ಉಪಾಯ. ಗಾಂಧೀಜಿ ಬ್ರಿಟಿಷ್ ನ್ಯಾಯಾಲಯಗಳಲ್ಲಿ ಮಾಡಿದ್ದೂ ಇದನ್ನೇ.

1950ರ ಜೂನ್ 25, ಭಾನುವಾರ. ಉತ್ತರ ಕೊರಿಯದ ಸೇನೆ 38ನೇ ಅಕ್ಷಾಂಶ ರೇಖೆಯನ್ನು ದಾಟಿ ದಕ್ಷಿಣಕ್ಕೆ ನುಗ್ಗಿತ್ತು. ನ್ಯೂಯಾರ್ಕ್ ಹೊರವಲಯದ ಲೇಕ್ ಸಕ್ಸೆಸ್‌ನಲ್ಲಿ, ಕಾರ್ಖಾನೆಯೊಂದರ ಕಟ್ಟಡದಲ್ಲಿ ನಡೆಯುತ್ತಿದ್ದ ವಿಶ್ವಸಂಸ್ಥೆಯಲ್ಲಿ ಭದ್ರತಾ ಮಂಡಳಿ ತುರ್ತಾಗಿ ಸೇರಿತು. ಸರದಿಯಂತೆ ಆ ತಿಂಗಳ ಅಧ್ಯಕ್ಷತೆ ಭಾರತದ್ದು, ಕುರ್ಚಿಯಲ್ಲಿದ್ದವರು ರಾಯರು. ಅಮೆರಿಕ ತಂದ ಕರಡಿನಲ್ಲಿ ಆಕ್ರಮಣ ಎಂಬ ಆರೋಪವಿತ್ತು. ವಿವರ ಇನ್ನೂ ಬಂದಿಲ್ಲ ಎಂದು ಹಲವು ಸದಸ್ಯರು ಹಿಂಜರಿದರು. ಕೊನೆಗೆ ನಿರ್ಣಯದಲ್ಲಿ ಉಳಿದದ್ದು ಶಾಂತಿಭಂಗ. ಭಾರತ ಅದಕ್ಕೆ ಮತ ಕೊಟ್ಟಿತು. ಉತ್ತರ ಕೊರಿಯ ಮಾಡಿದ್ದು ತಪ್ಪು ಎನ್ನುವಲ್ಲಿ ರಾಯರಿಗೆ ಅನುಮಾನವಿರಲಿಲ್ಲ ಎಂಬುದು ಮುಖ್ಯ. ಅವರನ್ನು ಮುಂದೆ ಯಾರೂ ಆ ಕಡೆಯವರು ಎಂದು ಸುಲಭವಾಗಿ ತಳ್ಳಿಹಾಕಲು ಆಗದೆ ಹೋದದ್ದು ಈ ಮತದಿಂದಾಗಿ.

ಸೆಪ್ಟೆಂಬರಿನಲ್ಲಿ ಯುದ್ಧದ ದಿಕ್ಕು ತಿರುಗಿತು. ಅಮೆರಿಕದ ಸೇನೆ ಈಗ ತಾನೇ 38ನೇ ರೇಖೆ ದಾಟಿ ಉತ್ತರಕ್ಕೆ ನುಗ್ಗಲು ಹವಣಿಸುತ್ತಿತ್ತು. ದಾಟಿದರೆ ತಾವು ಸುಮ್ಮನಿರುವುದಿಲ್ಲ ಎಂದು ಚೀನಾದ ಪ್ರಧಾನಿ ಚೌ ಎನ್‌ಲಾಯ್ ಬೀಜಿಂಗಿನಲ್ಲಿ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಅಕ್ಟೋಬರ್ 3ರ ನಡುರಾತ್ರಿ ಕರೆಸಿ ಹೇಳಿದರು. ವಾಷಿಂಗ್ಟನ್ ಅದನ್ನು ಬರೀ ಬೆದರಿಕೆ ಎಂದುಕೊಂಡಿತು. ಆ ದಿನಗಳಲ್ಲಿ ರಾಯರು ವಿಶ್ವಸಂಸ್ಥೆಯಲ್ಲಿ ಹೇಳಿದ್ದರ ಸಾರ ಇದು: ಬಲಪ್ರಯೋಗದಿಂದ ದೇಶವನ್ನು ಒಂದುಗೂಡಿಸಲು ಹೊರಟ ಉತ್ತರ ಕೊರಿಯವನ್ನು ತಡೆದದ್ದು ಈ ಸಂಸ್ಥೆ, ಅದೇ ಸಂಸ್ಥೆ ಈಗ ಉತ್ತರದ ಮೇಲೆ ಬಲಪ್ರಯೋಗ ಮಾಡಿ ದೇಶ ಒಂದುಗೂಡಿಸಲು ಅಪ್ಪಣೆ ಕೊಟ್ಟ ಹಾಗೆ ಕಂಡರೂ ಸಾಕು, ಜನರ ನಂಬಿಕೆ ಕುಗ್ಗುತ್ತದೆ.

ಈ ವಾಕ್ಯವನ್ನು ನಿಧಾನವಾಗಿ ಓದಬೇಕು. ಅಮೆರಿಕ ಎಂಬ ಹೆಸರೇ ಇದರಲ್ಲಿಲ್ಲ. ತಪ್ಪು ಮಾಡುತ್ತಿದ್ದೀರಿ ಎಂಬ ಆರೋಪವಿಲ್ಲ. ಕೊಟ್ಟರೆ ಎಂದೂ ಹೇಳಲಿಲ್ಲ, ಕೊಟ್ಟ ಹಾಗೆ ಕಂಡರೆ ಎಂದರು. ಹಾಗೆ ಹೇಳಿದ್ದರಿಂದ ನಮ್ಮ ಉದ್ದೇಶ ಅದಲ್ಲ ಎಂದು ಅಮೆರಿಕ ಹೇಳುವುದಕ್ಕೂ ದಾರಿ ಉಳಿಯಿತು, ಹಾಗೆ ಹೇಳಿದರೆ ಅದರ ಮಾತಿಗೆ ಅದನ್ನೇ ಕಟ್ಟಿಹಾಕುವುದಕ್ಕೂ ದಾರಿ ಉಳಿಯಿತು. ಜೂನ್‌ನಲ್ಲಿ ಉತ್ತರ ಕೊರಿಯಕ್ಕೆ ಹಚ್ಚಿದ ಒರೆಗಲ್ಲನ್ನೇ ಅಕ್ಟೋಬರಿನಲ್ಲಿ ಗೆಲ್ಲುತ್ತಿದ್ದವರಿಗೂ ಹಚ್ಚಿದರು. ಅಕ್ಟೋಬರ್ 7ರಂದು ಉತ್ತರಕ್ಕೆ ನುಗ್ಗಲು ದಾರಿ ಮಾಡಿಕೊಡುವ ನಿರ್ಣಯ ಭಾರಿ ಬಹುಮತದಿಂದ ಪಾಸಾಯಿತು, ಭಾರತ ತಟಸ್ಥವಾಯಿತು. ಅದೇ ತಿಂಗಳು ಚೀನಾದ ಸೇನೆ ಯಾಲು ನದಿ ದಾಟಿತು. ಎಚ್ಚರಿಕೆ ನಿಜವಾಯಿತು.

ಆ ಮೇಲಿನ ಮೂರು ತಿಂಗಳು ರಾಯರ ಬದುಕಿನ ಅತ್ಯಂತ ಕಠಿಣ ಕಾಲ. ಡಿಸೆಂಬರ್‌ನಲ್ಲಿ ಏಷ್ಯಾ ಮತ್ತು ಅರಬ್ ಜಗತ್ತಿನ 13 ದೇಶಗಳನ್ನು ಒಗ್ಗೂಡಿಸಿದ ಯತ್ನದಿಂದ ಕದನವಿರಾಮಕ್ಕೆಂದು ಮೂವರ ಸಮಿತಿ ರಚನೆಯಾಯಿತು: ಇರಾನಿನ ಎಂತೆಜಾಮ್, ಕೆನಡದ ಲೆಸ್ಟರ್ ಪಿಯರ್ಸನ್ ಮತ್ತು ರಾಯರು. ಚೀನಾ ಮೊದಲಿಗೆ ಇದನ್ನು ಬಲೆ ಎಂದು ತಿರಸ್ಕರಿಸಿತು. ಅಮೆರಿಕದಲ್ಲಿ ಸಿಟ್ಟು ನೆತ್ತಿಗೇರಿತ್ತು. ಚೀನಾವನ್ನು ಆಕ್ರಮಣಕಾರ ಎಂದು ಘೋಷಿಸಬೇಕು ಎಂದು ಅಲ್ಲಿನ ಸಂಸತ್ತಿನ ಎರಡೂ ಸದನಗಳು ಒತ್ತಾಯಿಸಿದವು. ಅದೇ ಹೊತ್ತಿಗೆ ಭಾರತ ಅಮೆರಿಕದ ಮುಂದೆ 20 ಲಕ್ಷ ಟನ್ ಧಾನ್ಯಕ್ಕಾಗಿ ಬೇಡಿಕೆ ಇಟ್ಟಿತ್ತು. ದೇಶದ ಹಲವೆಡೆ ಬರ, ರೇಷನ್ ಕಡಿತ. ಕೈಚಾಚಿ ನಿಂತ ದೇಶ ಆ ಕೈಯನ್ನೇ ವಿರೋಧಕ್ಕೆ ಎತ್ತಬೇಕಾದ ಸ್ಥಿತಿ ಅದು. ಗಟ್ಟಿ ಗಂಟಲಿನಲ್ಲಿ ಮಾತಾಡಿ ಎಂದು ಸಲಹೆ ಕೊಡುವವರು ಈ ಇಕ್ಕಟ್ಟನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

1951ರ ಜನವರಿ 22ರಂದು ಮಹಾಸಭೆಯ ರಾಜಕೀಯ ಸಮಿತಿ ಅಮೆರಿಕದ ಖಂಡನಾ ನಿರ್ಣಯದತ್ತ ಸಾಗುತ್ತಿದ್ದಾಗ ರಾಯರು ಮಾತಿಗೆ ಅವಕಾಶ ಕೇಳಿದರು. ಬೀಜಿಂಗಿನಿಂದ ಭಾರತಕ್ಕೆ ಬಂದ ಸ್ಪಷ್ಟೀಕರಣ ಅವರ ಕೈಯಲ್ಲಿತ್ತು, ಅದನ್ನು ಓದಿದರು. ವಿದೇಶಿ ಪಡೆಗಳ ವಾಪಸಾತಿ ತತ್ವವಾಗಿ ಒಪ್ಪಿಗೆಯಾದರೆ ತನ್ನ ಸ್ವಯಂಸೇವಕರಿಗೂ ಮರಳಲು ಹೇಳುವುದಾಗಿ, ಏಳು ದೇಶಗಳ ಸಮ್ಮೇಳನದ ಮೊದಲ ಸಭೆಯಲ್ಲೇ ಅಲ್ಪಕಾಲದ ಕದನವಿರಾಮವನ್ನು ತೀರ್ಮಾನಿಸಬಹುದೆಂದು ಚೀನಾ ತಿಳಿಸಿತ್ತು. ರಾಯರು ಚೀನಾವನ್ನು ಹೊಗಳಲಿಲ್ಲ, ಅಮೆರಿಕವನ್ನು ತೆಗಳಲೂ ಇಲ್ಲ. ಇದನ್ನು ಯೋಚಿಸಲು 48 ಗಂಟೆ ಕೊಡಿ ಎಂದರು, ಅಷ್ಟೆ. ಅಮೆರಿಕ ವಿರೋಧಿಸಿದರೂ ಸಮಿತಿ ಒಪ್ಪಿತು. ಅಮೆರಿಕದ ಮಿತ್ರರಿಗೂ ಒಳಗೊಳಗೆ ಅಳುಕಿತ್ತು. ಮಿತ್ರನನ್ನು ಎದುರು ಹಾಕಿಕೊಳ್ಳದೆ ಆ ಅಳುಕನ್ನು ತೋರಿಸಲು 48 ಗಂಟೆಯ ಕೋರಿಕೆ ಅವರಿಗೆ ಒಂದು ನೆಪ ಕೊಟ್ಟಿತು. ಮೂರನೆಯ ಕೇಳುಗರಿಗಾಗಿ ಆಡಿದ ಮಾತೆಂದರೆ ಇದು.

ಕೊನೆಗೆ ಬಲವೇ ಗೆದ್ದಿತು. ಫೆಬ್ರವರಿ 1ರಂದು ಚೀನಾ ಆಕ್ರಮಣದಲ್ಲಿ ತೊಡಗಿದೆ ಎಂಬ ನಿರ್ಣಯ 44 ಮತಗಳಿಂದ ಅಂಗೀಕಾರವಾಯಿತು. ವಿರೋಧವಾಗಿ ಬಿದ್ದ ಮತ ಏಳು. ಐದು ಸೋವಿಯತ್ ಬಣದವು, ಉಳಿದೆರಡು ಭಾರತ ಮತ್ತು ಬರ್ಮಾದವು. ಖಂಡಿಸಿದರೆ ಮಾತುಕತೆಯ ಬಾಗಿಲು ಮುಚ್ಚುತ್ತದೆ, ಯುದ್ಧ ಬೆಳೆಯುತ್ತದೆ ಎಂಬುದೇ ರಾಯರ ವಾದವಾಗಿತ್ತು. ಭಾರತ ಕೇಳಿದ್ದ ಧಾನ್ಯದ ಮಸೂದೆ ಅಮೆರಿಕದ ಸಂಸತ್ತಿನಲ್ಲಿ ಜೂನ್‌ವರೆಗೆ ಎಳೆದಾಡಿತು. ಅದಕ್ಕೆ ಕಾರಣ ಈ ಮತವೊಂದೇ ಅಲ್ಲದಿದ್ದರೂ ಭಾರತದ ಮೇಲಿನ ಅಸಮಾಧಾನ ಅಲ್ಲಿ ಬಹಿರಂಗವಾಗಿಯೇ ಕೇಳಿಬಂತು. ಕೊನೆಗೆ 19 ಕೋಟಿ ಡಾಲರ್ ಸಾಲವಾಗಿ ಬಂತು, ದಾನವಾಗಿ ಅಲ್ಲ.

ದೊಡ್ಡ ದೇಶಗಳ ಕೈಯಲ್ಲಿ ಸೇನೆ, ಹಣ ಇರುವಂತೆ ಹೆಸರಿಡುವ ಅಧಿಕಾರವೂ ಇರುತ್ತದೆ ಎಂಬುದು ಈ ಪ್ರಸಂಗದಿಂದ ನನಗೆ ಮನದಟ್ಟಾಗಿರುವ ಸಂಗತಿ. ಯಾರು ಆಕ್ರಮಣಕಾರ, ಯಾರು ಶಾಂತಿಗೆ ಅಪಾಯ ಎಂದು ಅವರು ಹೇಳಿದ್ದೇ ಮರುದಿನದ ಪತ್ರಿಕೆಗಳ ತಲೆಬರಹವಾಗುತ್ತದೆ. ಆ ಹೆಸರನ್ನು ನಾವೂ ಒಪ್ಪಿ ಬಳಸಿದ ಕ್ಷಣದಿಂದ ಮುಂದಿನ ವಾದವೆಲ್ಲ ಅವರ ಅಂಗಳದಲ್ಲಿ ನಡೆಯುತ್ತದೆ. 1951ರ ಅಕ್ಟೋಬರ್‌ನಲ್ಲಿ ಇದೇ ಭದ್ರತಾ ಮಂಡಳಿಗೆ ಬ್ರಿಟನ್ ಇರಾನಿನ ಮೇಲೆ ದೂರು ತಂದಿತು. ಇರಾನ್ ತನ್ನ ತೈಲವನ್ನು ರಾಷ್ಟ್ರೀಕರಣ ಮಾಡಿತ್ತು. ಪ್ರಧಾನಿ ಮೊಸಾದೆಗ್ ಕಾಯಿಲೆಯ ದೇಹ ಹೊತ್ತು ತಾವೇ ನ್ಯೂಯಾರ್ಕಿಗೆ ಬಂದರು. ಶಾಂತಿಗೆ ಅಪಾಯ ನಮ್ಮಿಂದಲೇ? ಥೇಮ್ಸ್ ನದಿಯಲ್ಲಿ ಇರಾನಿನ ಯುದ್ಧನೌಕೆಗಳೇನೂ ನಿಂತಿಲ್ಲವಲ್ಲ ಎಂಬ ಅರ್ಥದ ಮಾತು ಹೇಳಿದರು. ಬ್ರಿಟನ್ನಿನ ನೌಕೆಗಳು ಇರಾನಿನ ಕರಾವಳಿಗೆ ಬಂದಿದ್ದವು ಎಂದು ಅವರು ಬೇರೆ ಹೇಳಬೇಕಾಗಲಿಲ್ಲ. ಅದೇ ಮೇಜಿನಲ್ಲಿದ್ದ ಭಾರತ, ಯುಗೊಸ್ಲಾವಿಯದ ಜೊತೆ ಸೇರಿ, ಬ್ರಿಟನ್ನಿನ ಕರಡಿನ ಹಲ್ಲು ಕೀಳುವ ತಿದ್ದುಪಡಿಗಳನ್ನು ತಂದಿತು. ಕೊನೆಗೆ ಮಂಡಳಿ ಚರ್ಚೆಯನ್ನೇ ಮುಂದೂಡಿತು. ಮೊಸಾದೆಗ್ ಚುಚ್ಚಿದರು, ರಾಯರು ತಿದ್ದಿದರು. ಒಂದಿಲ್ಲದೆ ಇನ್ನೊಂದು ಫಲಿಸುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಹಾಗಾಗಿ ಫರ್ನಾಂಡಿಸರ ಮಾತಿನ ದಾರಿಯನ್ನು ನಾನು ಕೀಳೆಂದು ಎಣಿಸುವುದಿಲ್ಲ. ನೀರಿನ ಕೊಡ ಮತ್ತು ಕೋಕ್ ಬಾಟಲಿಯ ಮಾತು ಥೇಮ್ಸ್ ನದಿಯ ಮಾತಿನ ಹತ್ತಿರದ ನೆಂಟ.

ಕೊರಿಯದ ಕಥೆ ಫೆಬ್ರವರಿಗೆ ಮುಗಿಯಲಿಲ್ಲ. ಆಕ್ರಮಣಕಾರ ಎಂದು ಹಣೆಪಟ್ಟಿ ಹಚ್ಚಿದ ಐದೇ ತಿಂಗಳಿಗೆ, ಜುಲೈ 10ರಂದು, ಅಮೆರಿಕದ ಸೇನಾಧಿಕಾರಿಗಳು ಅದೇ ಚೀನಾದ ಸೇನಾಧಿಕಾರಿಗಳ ಎದುರು ಕೇಸಾಂಗ್‌ನಲ್ಲಿ ಮಾತುಕತೆಗೆ ಕೂರಬೇಕಾಯಿತು. ಎರಡು ವರ್ಷ ಎಳೆದು, 1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿತ್ತು. ಗಡಿ ನಿಂತದ್ದು 38ನೇ ರೇಖೆಯ ಆಸುಪಾಸಿನಲ್ಲೇ. ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ಹೊರಲು ಎರಡೂ ಬಣಕ್ಕೆ ಒಪ್ಪಿಗೆಯಾಗುವ ದೇಶವೊಂದು ಬೇಕಿತ್ತು. ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಭಾರತ ಅಧ್ಯಕ್ಷನಾಯಿತು, ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಆ ಕುರ್ಚಿಯಲ್ಲಿ ಕುಳಿತರು. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತಮ್ಮ ನೆಲ ತುಳಿಯಕೂಡದು ಎಂದು ಹಟ ಹಿಡಿದದ್ದರಿಂದ ಅವರನ್ನು ಹೆಲಿಕಾಪ್ಟರಿನಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಇಷ್ಟೆಲ್ಲ ಅಪನಂಬಿಕೆಯ ನಡುವೆಯೂ ವಾಷಿಂಗ್ಟನ್, ಬೀಜಿಂಗ್ ಎರಡೂ ಒಪ್ಪಿದ್ದು, 1950ರ ಜೂನ್‌ನಲ್ಲಿ ಉತ್ತರ ಕೊರಿಯದ ವಿರುದ್ಧ ಮತ ಹಾಕಿದ, 1951ರ ಫೆಬ್ರವರಿಯಲ್ಲಿ ಚೀನಾದ ಖಂಡನೆಗೆ ಒಪ್ಪದ ದೇಶವನ್ನು.

ರಾಯರು ಅಷ್ಟರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು. 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು. ಅವರು ಲೇಕ್ ಸಕ್ಸೆಸ್‌ನಲ್ಲಿ ಆಡಿದ ಮಾತುಗಳು ವಿಶ್ವಸಂಸ್ಥೆಯ ಮುದ್ರಿತ ನಡವಳಿಗಳಲ್ಲಿ ದಿನಾಂಕ ಸಮೇತ ಇವೆ. ನಮ್ಮ ಊರಿನ ಕಾಲೇಜುಗಳಲ್ಲಿ ಚರ್ಚಾಸ್ಪರ್ಧೆಗೆ ಕೊರತೆಯಿಲ್ಲ, ಮೇಜು ಗುದ್ದುವ ಮಕ್ಕಳಿಗೆ ಬಹುಮಾನವೂ ಸಿಗುತ್ತದೆ. ಆ ಕಾಲೇಜುಗಳಲ್ಲಿ ಯಾವುದಾದರೂ ಒಂದು ಮುಂದೆ ಬಂದು, 1950ರ ಜೂನ್‌ನಿಂದ 1951ರ ಫೆಬ್ರವರಿವರೆಗಿನ ರಾಯರ ಭಾಷಣಗಳನ್ನಾದರೂ ಕನ್ನಡಕ್ಕೆ ತರಿಸಿ ಅಚ್ಚು ಹಾಕಿಸಬೇಕು.